ಹೊಸ ಮನಿ ಹಿಂದಿನ ಖಾಲಿ ಜಾಗಾನ ಹಿತ್ತಲ ಮಾಡೋದು ಹೆಂಗ? ನಮ್ಮ ಕೊಪ್ಪಳ ಕಡಿ ಬಿಸಲಿಗೆ ತಕ್ಕ ಪ್ಲಾನ್

ಹೊಸದಾಗಿ ಮನಿ ಕಟ್ಟಿಸ್ಕೊಂಡವ್ರು ಬಾಳ ಮಂದಿ ಕೇಳೋದು ಒಂದ ಮಾತು, ಹಿಂದ ಇಷ್ಟು ಜಾಗ ಬಿಟ್ಟೀವಿ, ಯಾವ ಯಾವ ಗಿಡ ಹಚ್ಚೋಣು ಅಂತ. ನಾವೂ ಹಂಗ ಶುರು ಮಾಡಿದ್ವಿ. ಗೃಹಪ್ರವೇಶ ಆಗಿ ತಿಂಗಳಾಗಿತ್ತು, ನರ್ಸರಿಗೆ ಹೋಗಿ ಚಂದ ಕಂಡಿದ್ದೆಲ್ಲಾ ಒಟ್ಟು ಹನ್ನೆರಡು ಗಿಡ ಆಟೋದಾಗ ಹಾಕ್ಕೊಂಡು ಬಂದು, ಸಣ್ಣ ಸಣ್ಣ ತಗ್ಗು ತೋಡಿ ಹಚ್ಚಿಬಿಟ್ವಿ. ಮಳಿಗಾಲ, ಚಳಿಗಾಲ ಚಲೋನ ಇದ್ವು, ಮುಂದಿನ ಏಪ್ರಿಲ್ ಮುಗಿಯೋದ್ರಾಗ ಉಳಿದಿದ್ದು ಎರಡ. ಒಣಗಿದ ದಾಸವಾಳ ಕಿತ್ತು ನೋಡಿದ್ರ ಬೇರು ಒಂದು ಗೇಣೂ ಕೆಳಗ ಇಳಿದಿಲ್ಲ, ಅಲ್ಲೇ ಗಟ್ಟಿಯಾದ ಸಿಮೆಂಟ್ ಹೆಂಟಿಗೆ ಬಡಿದು ಅದರ ಸುತ್ತ ಸುರುಳಿ ಸುತ್ಕೊಂಡು ಕುಂತಿತ್ತು. ಮನಿ ಕಟ್ಟುವಾಗ ಗೌಂಡಿ ಮಂದಿ ಕಲಸಿ ಉಳಿದ ಮಾಲು, ಇಟ್ಟಂಗಿ ಚೂರು, ಟೈಲ್ಸ್ ತುಂಡು ಎಲ್ಲಾ ಹಿಂದ ಹಾಕಿ ಮ್ಯಾಲೆ ಮಣ್ಣು ಎಳೆದಿದ್ರು, ನಮಗ ಗೊತ್ತ ಇರಲಿಲ್ಲ.

ಎರಡ್ನೇ ಸಲ ಒಂದು ವರ್ಷ ತಡೆದು, ಹಾಳಿ ಮ್ಯಾಲೆ ಪ್ಲಾನ್ ಹಾಕಿ ಮಾಡಿದ್ವಿ, ಈಗ ನಾಕು ವರ್ಷ ಆತು ಹಿತ್ತಲ ಚಲೋ ನಡದೈತಿ. ಅದಕ್ಕ ನಾ ಹೇಳೋದು, ಗಿಡದ ಹೆಸರು ಕೊನೀಗೆ ಬರಬೇಕ್ರಿ. ಮೊದ್ಲು ಮನಿ ಮಂದಿ, ಆಮ್ಯಾಲೆ ಬಿಸಲು, ನೀರು, ಮಣ್ಣು, ಇವು ನಾಕೂ ಗೊತ್ತಾದ ಮ್ಯಾಲೆ ಗಿಡ ತಾವ ಗೊತ್ತಾಗ್ತಾವು.

ಮೊದ್ಲು ಯಾರು ಹಿತ್ತಲಕ್ಕ ಬರ್ತಾರ ಅಂತ ಬರೀರಿ

ಒಂದು ಹಾಳಿ ತಗೊಂಡು ಮನ್ಯಾಗಿನ ಒಬ್ಬೊಬ್ಬರ ಹೆಸರು ಬರೆದು, ಅವ್ರು ಹಿತ್ತಲಕ್ಕ ಎಷ್ಟೊತ್ತಿಗೆ ಬರ್ತಾರ, ಬಂದು ಏನ್ ಮಾಡ್ತಾರ ಅಂತ ಮುಂದ ಬರೀರಿ. ನಮ್ಮ ಅತ್ತಿಯವ್ರಿಗೆ ಮೊಣಕಾಲು ನೋವು, ಮುಂಜಾನೆ ತುಳಸಿಗೆ ನೀರು ಹಾಕಿ ಹೂವು ಹರ್ಕೊಂಡು ಒಂದರ್ಧ ತಾಸು ಕೂಡೋದು ಅವರ ರೂಢಿ. ನಾನು ಅರಬಿ ಒಗದು ಹಾಕಾಕ, ಕರಿಬೇವು ಕೊತಂಬ್ರಿ ಹರಿಯಾಕ ದಿನಕ್ಕ ಹತ್ತು ಸಲ ಓಡಾಡ್ತೀನಿ. ಹುಡುಗ್ರು ಸಂಜಿ ಐದರ ಮ್ಯಾಲೆ. ನಮ್ಮನಿಯವ್ರು ರವಿವಾರ. ಈ ಪಟ್ಟಿ ನೋಡಿದ್ರ ಏನೇನು ಬೇಕು ಅಂತ ತಾನ ತಿಳೀತೈತಿ: ಅತ್ತಿಗೆ ಕಾಲು ಜಾರದ ದಾರಿ, ಬೆನ್ನಿಗೆ ಆಸರ ಇರೋ ಒಂದೂವರೆ ಅಡಿ ಎತ್ತರದ ಕಟ್ಟಿ (ಅದಕ್ಕಿಂತ ತಗ್ಗ ಆದ್ರ ಮೊಣಕಾಲು ನೋವು ಇದ್ದೋರಿಗೆ ಏಳಾಕ ಆಗಂಗಿಲ್ಲ), ನನಗ ಅಡುಗಿ ಮನಿ ಬಾಗಲದ ಹತ್ತಿರ ಸೊಪ್ಪು, ಹುಡುಗ್ರಿಗೆ ಸಂಜಿ ಹೊತ್ತು ನೆರಳಿರೋ ಬಯಲು.

ಆಮ್ಯಾಲೆ ಹುಡುಗ್ರ ಗಣಿತದ ಚೌಕಳಿ ನೋಟ್‌ಬುಕ್ಕಿನ ಹಾಳಿ ಒಂದು ಹರ್ಕೊಂಡು, ಒಂದು ಚೌಕ ಅಂದ್ರ ಒಂದು ಅಡಿ ಅಂತ ಲೆಕ್ಕ ಇಟ್ಟು ಜಾಗ ಬರೀರಿ. ನಮ್ಮದು ಮನಿಯಿಂದ ಹಿಂದಿನ ಕಂಪೌಂಡಿಗೆ 30 ಅಡಿ, ಅಡ್ಡ 25 ಅಡಿ. ಬಾಗಲ, ಕಿಟಕಿ, ಬಚ್ಚಲ ಪೈಪ್ ಹೊರಗ ಬರೋ ಜಾಗ, ಸಂಪು, ಸೆಪ್ಟಿಕ್ ಟ್ಯಾಂಕ್, ನಳ, ಮ್ಯಾಲೆ ಕರೆಂಟ್ ವಾಯರ್ ಹಾದು ಹೋಗೋದು, ಎಲ್ಲಾ ಗುರ್ತು ಮಾಡ್ರಿ. ಸೆಪ್ಟಿಕ್ ಟ್ಯಾಂಕ್ ಮ್ಯಾಲೆ, ಪೈಪ್ ಲೈನ್ ಮ್ಯಾಲೆ ದೊಡ್ಡ ಗಿಡ ಬ್ಯಾಡ.

ಬಿಸಲು ಎಲ್ಲಿ ಬೀಳ್ತೈತಿ ನೋಡೋದು

ಇದನ್ನ ಮಂದಿ ಬಿಟ್ಟಬಿಡ್ತಾರ, ಆದ್ರ ನಮ್ಮ ಕಡಿ ಇದ ಮುಖ್ಯ. ಮಾರ್ಚ್‌ನಿಂದ ಮೇ ತನಕ 40 ಡಿಗ್ರಿ ದಾಟೋ ಊರಾಗ ಗಿಡ ಸಾಯೋದು ಬಿಸಲು ಕಡಿಮಿ ಆಗಿ ಅಲ್ಲ, ಮಧ್ಯಾಹ್ನ ಎರಡರಿಂದ ಐದರ ತನಕ ಪಡುವಣ ಕಡಿಯಿಂದ ಹೊಡಿಯೋ ಬಿಸಲಿಗೆ. ನಮ್ಮ ಮನಿ ಮೂಡಣ ಮಾರಿ, ಹಿತ್ತಲ ಪಡುವಣಕ್ಕ ಬರ್ತೈತಿ, ಅಂದ್ರ ಆ ಬಿಸಲೆಲ್ಲಾ ಹಿತ್ತಲಕ್ಕ ಮತ್ತ ಅಡುಗಿ ಮನಿ ಗೋಡಿಗೆ. ಅದಕ್ಕ ಎತ್ತರ ಬೆಳಿಯೋ ಗಿಡ ಪಡುವಣ ಕಂಪೌಂಡ್ ಕಡಿ ಹಾಕಿದ್ವಿ, ಅಡುಗಿ ಮನಿ ಗೋಡಿಗೆ ಹತ್ತಿ ಒಂದು ಚಪ್ಪರ ಹಾಕಿ ತೊಂಡಿ, ಹಿರೇಕಾಯಿ ಬಳ್ಳಿ ಹಬ್ಬಿಸಿದ್ವಿ. ಮೊದ್ಲು ಸಂಜಿ ಆರಕ್ಕ ಆ ಗೋಡಿಗೆ ಒಳಗಿನಿಂದ ಕೈ ಇಟ್ರ ಹಂಚು ಮುಟ್ಟಿದಂಗ ಆಗ್ತಿತ್ತು, ಈಗ ಹಂಗಿಲ್ಲ.

ಇನ್ನೊಂದು ಲೆಕ್ಕ ಹೇಳ್ತೀನಿ. ಕೊಪ್ಪಳದಾಗ ಡಿಸೆಂಬರ್ ಕೊನೀಗೆ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ 10 ಅಡಿ ಗೋಡಿ ಬಡಗಣ ಕಡಿ 8 ಅಡಿ ನೆರಳು ಚೆಲ್ತೈತಿ, 6 ಅಡಿ ಕಂಪೌಂಡ್ ಆದ್ರ ಹತ್ತಿರ ಹತ್ತಿರ 5 ಅಡಿ. ಮೇ ಶುರುವಿನಿಂದ ಆಗಸ್ಟ್ ಎರಡ್ನೇ ವಾರದ ತನಕ ಉಲ್ಟಾ, ಸೂರ್ಯ ನಡು ಮಧ್ಯಾಹ್ನ ನಮ್ಮ ತಲಿಗಿಂತ ಸ್ವಲ್ಪ ಬಡಗಣಕ್ಕ ಇರ್ತಾನ. ಹಂಗಾಗಿ ತೆಂಕಣ ಕಂಪೌಂಡಿಗೆ ಹತ್ತಿದ 5 ಅಡಿ ಪಟ್ಟಿಯೊಳಗ ಚಳಿಗಾಲದಾಗ ಟೊಮ್ಯಾಟೊ, ಮೆಂತ್ಯೆ ಹಾಕಿದ್ರ ಸಣಕಲ ಆಗ್ತಾವು. ಅಲ್ಲಿ ಪುದೀನ, ಕೆಸವು, ಗೊಬ್ಬರದ ಗುಂಡಿ ಇಡ್ರಿ. ನಿಮ್ಮ ಮನಿ ದಿಕ್ಕು ಬ್ಯಾರೆ ಇದ್ರ ನಿಮ್ಮ ಲೆಕ್ಕ ಬ್ಯಾರೆ. ಒಂದು ರವಿವಾರ ಮುಂಜಾನೆ ಎಂಟಕ್ಕ, ಹನ್ನೆರಡಕ್ಕ, ನಾಕಕ್ಕ ಮಾಳಗಿ ಮ್ಯಾಲೆ ನಿಂತು ಮೊಬೈಲ್‌ನಾಗ ಮೂರು ಫೋಟೋ ತಗೀರಿ, ಸಾಕು.

ನೀರಿನ ಲೆಕ್ಕ

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲಾದಾಗ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ, ಅದರಾಗ ಸೆಪ್ಟೆಂಬರಿನದ ಜಾಸ್ತಿ. ಪಕ್ಕದಾಗ ತುಂಗಭದ್ರಾ ಡ್ಯಾಂ ಇದ್ರೂ ಮನಿ ನಳಕ್ಕ ದಿನಾ ನೀರು ಬರ್ತೈತಿ ಅಂತ ಹೇಳಾಕ ಆಗಂಗಿಲ್ಲ. ಅದಕ್ಕ ಜಾಗ ಎಷ್ಟೈತಿ ಅಂತ ನೋಡಿ ಹಿತ್ತಲ ಮಾಡಬ್ಯಾಡ್ರಿ, ಬ್ಯಾಸಿಗ್ಯಾಗ ದಿನಕ್ಕ ಎಷ್ಟು ಕೊಡ ನೀರು ಸಿಗ್ತೈತಿ ಅಂತ ನೋಡಿ ಮಾಡ್ರಿ.

8 ಅಡಿ ಉದ್ದ 3 ಅಡಿ ಅಗಲದ ಒಂದು ತರಕಾರಿ ಮಡಿಗೆ ಕಡು ಬ್ಯಾಸಿಗ್ಯಾಗ ದಿನಕ್ಕ 12ರಿಂದ 15 ಲೀಟರ್ ಬೇಕಾಗ್ತೈತಿ. ನಾಕು ಮಡಿಗೆ 50-60 ಲೀಟರ್, ಅಂದ್ರ ಮೂರ್ನಾಕು ಬಕೀಟು. ಹಣ್ಣಿನ ಗಿಡ, ಹೂವು ಸೇರಿಸಿ ನಮಗ ನೂರು ನೂರಾ ಇಪ್ಪತ್ತು ಲೀಟರ್ ಬೀಳ್ತೈತಿ. 500 ಲೀಟರ್ ಡ್ರಮ್ ಒಂದನ್ನ ಮೂರ್ನಾಕು ಅಡಿ ಎತ್ತರದ ಗಟ್ಟಿ ಕಟ್ಟಿ ಮ್ಯಾಲೆ ಕುಂದರ್ಸಿ ಸಣ್ಣ ಡ್ರಿಪ್ ಪೈಪ್ ಹಾಕಿದ್ರ ಮೋಟರ್ ಇಲ್ಲದ ನೀರು ಇಳೀತೈತಿ, ನಾಕು ದಿನ ನಳ ಬರಲಿಲ್ಲಂದ್ರೂ ನಡೀತೈತಿ. ಹಸಿರು ಹುಲ್ಲಿನ ಲಾನ್ ಬೇಕು ಅಂತ ಕೇಳೋರು ಅದಾರ, ಹತ್ತಡಿ ಹತ್ತಡಿ ಲಾನ್ ಒಂದ ನಾಕು ಮಡಿಯಷ್ಟು ನೀರು ಕುಡೀತೈತಿ. ನಮ್ಮ ಕಡಿಗೆ ಲಾನ್ ಬ್ಯಾಡ ಅಂತ ನಾ ಖಡಾಖಂಡಿತ ಹೇಳ್ತೀನಿ.

ಬಚ್ಚಲ ನೀರು ಬಾಳಿಗೆ, ಕೆಸವಿಗೆ, ಕಾಬಾಳಿಗೆ ಬಿಡಬಹುದು. ಹಸೀದ ತಿನ್ನೋ ಸೊಪ್ಪಿಗೆ ಬ್ಯಾಡ, ವಾಶಿಂಗ್ ಮಷೀನ್ ಸೋಪಿನ ನೀರಂತೂ ಯಾವ ಗಿಡಕ್ಕೂ ಬ್ಯಾಡ. ಅಕ್ಕಿ ತೊಳೆದಿದ್ದು, ಕಾಯಿಪಲ್ಯ ತೊಳೆದಿದ್ದು ಸೀದಾ ಮಡಿಗೆ ಹಾಕ್ರಿ. ಬೋರ್ ನೀರು ಸವಳು ಇದ್ರ ಮಣ್ಣಿನ ಮ್ಯಾಲೆ ಬೆಳ್ಳಗ ಉಪ್ಪಿನ ಹಕ್ಕಳಿ ಬರ್ತೈತಿ, ಎಲಿ ಅಂಚು ಸುಟ್ಟಂಗ ಆಗ್ತೈತಿ. ಅಂಥಲ್ಲಿ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸೋದು ಬಿಟ್ಟು ಎರಡ್ಮೂರು ದಿನಕ್ಕೊಮ್ಮೆ ತುಂಬ ನೀರು ಬಿಡ್ರಿ, ಉಪ್ಪು ಬೇರಿಗಿಂತ ಕೆಳಗ ಇಳೀತೈತಿ. ಮಾಳಗಿ ಮ್ಯಾಲಿನ ಮಳಿ ನೀರು ಹಿಡಿದ್ರಂತೂ ಬಾಳ ಚಲೋ, ಸಾವಿರ ಚದರಡಿ ಮಾಳಗಿ ಮ್ಯಾಲೆ 10 ಮಿಲಿಮೀಟರ್ ಮಳಿ ಬಿದ್ರ 900 ಲೀಟರ್ ನೀರು ಆಕ್ಕತಿ.

ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಕೆಳಗ ಸೊಳ್ಳಿ ಹೋಗದಂಗ ಬಟ್ಟಿ. ಸಂಪಿನ ಮುಚ್ಚಳಕ್ಕ ಬೀಗ. ಸಣ್ಣ ಮಕ್ಕಳಿರೋ ಮನ್ಯಾಗ ಹಿತ್ತಲದ ಬಾಕಿ ಎಲ್ಲಾ ಕೆಲಸಕ್ಕಿಂತ ಮೊದ್ಲು ಈ ಬೀಗ ಹಾಕ್ರಿ.

ಮಣ್ಣು

ಒಂದು ಕಡಿ ಅಲ್ಲ, ಐದಾರು ಕಡಿ ಎರಡು ಅಡಿ ಆಳ ಅಗದು ನೋಡ್ರಿ. ಸಿಮೆಂಟ್ ಹೆಂಟಿ, ಟೈಲ್ಸ್, ಗಾಜು, ಮೊಳಿ ಏನೇ ಸಿಕ್ರೂ ಪೂರ್ತಿ ತೆಗಿಸ್ರಿ, ಹುಡುಗ್ರು ಬರಿಗಾಲಾಗ ಓಡಾಡೋ ಜಾಗ ಅದು. ನಮ್ಮಲ್ಲಿ ಎರಡು ಟ್ರ್ಯಾಕ್ಟರ್ ಹೋಯ್ತು.

ಮಸಾರಿ (ಕೆಂಪು) ಮಣ್ಣು ಇದ್ರ ನಿಮ್ಮ ಪುಣ್ಯ. ಎರಿ (ಕರಿ) ಮಣ್ಣಾದ್ರ ಸ್ವಲ್ಪ ತ್ರಾಸು, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತೈತಿ, ಮಳಿಗಾಲದಾಗ ಚಪ್ಪಲಿ ಕಿತ್ಕೊಂತೈತಿ. ಒಂದು ಅಡಿ ತಗ್ಗು ತೋಡಿ ನೀರು ತುಂಬ್ರಿ, ಇಂಗಿದ ಮ್ಯಾಲೆ ಮತ್ತೊಮ್ಮೆ ತುಂಬ್ರಿ, ಎರಡ್ನೇ ಸಲದ ನೀರು ನಾಕು ತಾಸಾದ್ರೂ ಇಂಗಲಿಲ್ಲಂದ್ರ ನೆಲದ ಮ್ಯಾಲೆ ಎತ್ತರದ ಮಡಿ ಕಟ್ಟೋದ ಉಪಾಯ. ಅಗಲ 3 ಅಡಿಗಿಂತ ಜಾಸ್ತಿ ಬ್ಯಾಡ, ಎರಡೂ ಕಡಿಯಿಂದ ಕೈ ನಡುವಿಗೆ ಮುಟ್ಟಬೇಕು, ಮಣ್ಣು ತುಳಿಯೋ ಪ್ರಸಂಗ ಬರಬಾರ್ದು. ಮಕ್ಕಳ ಮಡಿ ಆದ್ರ 2 ಅಡಿ ಅಗಲ. ಎತ್ತರ ಒಂದು ಅಡಿ. 8 ಅಡಿ, 3 ಅಡಿ, ಒಂದು ಅಡಿ ಅಂದ್ರ 24 ಘನ ಅಡಿ, ಇಂಥಾ ನಾಕಕ್ಕ 96, ಅಂದ್ರ ಹೆಚ್ಚು ಕಡಿಮಿ ಒಂದು ಬ್ರಾಸ್ (ನೂರು ಘನ ಅಡಿ) ಮಾಲು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ತಿಪ್ಪಿ ಗೊಬ್ಬರ, ಒಂದು ಪಾಲು ಮರಳು ಇಲ್ಲಾ ಭತ್ತದ ಹೊಟ್ಟು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡಿಯವ್ರಿಗೆ ಹೊಟ್ಟಿಗೆ ಏನ್ ಬರ, ರೈಸ್ ಮಿಲ್ಲಿನಾಗ ಕೇಳಿದ್ರ ಸಿಗ್ತೈತಿ.

ಗೊಬ್ಬರ ಕೈಯಾಗ ಹಿಡಿದ್ರ ಪುಡಿ ಪುಡಿ ಆಗಬೇಕು, ಬಿಸಿ ಇರಬಾರ್ದು, ಸೆಗಣಿ ವಾಸನಿ ಬರಬಾರ್ದು. ಪೂರ್ತಿ ಕೊಳೀದ ಇರೋ ಗೊಬ್ಬರ ಹಾಕಿದ್ರ ಒರಲಿ ಬರ್ತೈತಿ, ಬೇರೂ ಸುಡ್ತೈತಿ. ಜೊತಿಗೆ ಬೇವಿನ ಹಿಂಡಿ ಮಡಿಗೆ ಒಂದು ಕೆಜಿ ಕಲಸ್ರಿ. ಮಣ್ಣಿನ ಪರೀಕ್ಷಾ ಮಾಡಿಸೋದಿದ್ರ ಐದಾರು ಕಡಿಯ ಮಣ್ಣು ಕೂಡಿಸಿ ನೆರಳಾಗ ಒಣಗಿಸಿ ಅರ್ಧ ಕೆಜಿ ಒಯ್ರಿ. ಕೃಷಿ ವಿಜ್ಞಾನ ಕೇಂದ್ರ ಗಂಗಾವತ್ಯಾಗ ಐತಿ, ರಾಯಚೂರಾಗ ಐತಿ, ಬಳ್ಳಾರಿಯವ್ರಿಗೆ ಹಗರಿ. ಮುನಿರಾಬಾದಿನ್ಯಾಗ ತೋಟಗಾರಿಕಾ ಕಾಲೇಜು ಐತಿ, ಗಿಡದ ವಿಷಯ ಕೇಳಾಕ ಅಂಥಾ ಕಡಿ ಹೋಗ್ರಿ.

ರಂಗೋಲಿ ಪುಡಿಲೇ ನೆಲದ ಮ್ಯಾಲೆ ಬರೆಯೋದು

ಹಾಳಿ ಮ್ಯಾಲಿನ ಪ್ಲಾನ್ ನೆಲಕ್ಕ ಇಳಿಸಾಕ ಅತ್ತಿ ರಂಗೋಲಿ ಡಬ್ಬಿ ತಂದು ಕೊಟ್ರು. ಮಡಿ ಎಲ್ಲಿ, ದಾರಿ ಎಲ್ಲಿ, ಕಟ್ಟಿ ಎಲ್ಲಿ ಅಂತ ಗೆರಿ ಹಾಕಿ ಒಂದು ವಾರ ಹಂಗ ಬಿಟ್ವಿ. ಮೂರನೇ ದಿನ ನೋಡಿದ್ರ ಬಾಗಲದಿಂದ ಅರಬಿ ಹಗ್ಗದ ತನಕ ಒಂದು ಗೆರಿ ಅಳಿಸಿ ಹೋಗಿತ್ತು, ನಾನು ದಿನಾ ಒದ್ದಿ ಬಕೀಟು ಹಿಡ್ಕೊಂಡು ಪ್ಲಾನಿನ ದಾರಿ ಬಿಟ್ಟು ಮಡಿ ಮ್ಯಾಲಿಂದ ಸೀದಾ ಹಾಯ್ತಿದ್ದೆ. ಅತ್ತಿ ಅಂದ್ರು, "ನೀ ಏನವ್ವಾ ಹಾಳ್ಯಾಗ ಬರದಿ, ನಿನ್ನ ಕಾಲು ಬ್ಯಾರೇನ ಬರದಾವು ನೋಡು." ಅದೇ ಸಾಲಿಗೆ ದಾರಿ ಸರಿಸಿದ್ವಿ. ಇಟ್ಟಂಗಿ ಇಟ್ಟ ಮ್ಯಾಲೆ ಇದು ಗೊತ್ತಾಗಿದ್ರ ಎಲ್ಲಾ ಕಿತ್ತು ಮತ್ತ ಕಟ್ಟಬೇಕಿತ್ತು.

ನಮ್ಮದು ಕೊನೀಗೆ ಹಿಂಗ ಆತು. ಮನಿಗೆ ಹತ್ತಿ 8 ಅಡಿ ಪರಸಿ ಕಲ್ಲು ಹಾಸು, ಅದರ ಮ್ಯಾಲೆ ಚಪ್ಪರ, ತುಳಸಿ ಕಟ್ಟಿ, ಅತ್ತಿ ಕೂಡೋ ಕಟ್ಟಿ. ತೆಂಕಣಕ್ಕ 5 ಅಡಿ ಪಟ್ಟಿ, ಬಚ್ಚಲ ಪೈಪಿನ ಬಾಯಿಗೆ ಬಾಳಿ, ಮೂಲ್ಯಾಗ ಲಿಂಬಿ. ನಡುವ ನಾಕು ಮಡಿ, ನಡುನಡುವ 2 ಅಡಿ ದಾರಿ, ಮುಖ್ಯ ದಾರಿ ಮಾತ್ರ 3 ಅಡಿ, ಯಾಕಂದ್ರ ನಾಳೆ ಅತ್ತಿ ವಾಕರ್ ಹಿಡದು ಬರೋ ಪ್ರಸಂಗ ಬಂದ್ರೂ ಹಾಯಬೇಕು. ಬಡಗಣಕ್ಕ 9 ಅಡಿ ಹುಡುಗ್ರಿಗೆ. ನುಣುಪು ಟೈಲ್ಸ್ ಹೊರಗ ಹಾಕಬ್ಯಾಡ್ರಿ, ಒರಟ ಪರಸಿ ಇಲ್ಲಾ ಗರಸು ಹಾಕಿ ಬಡದ್ರ ಜಾರಂಗಿಲ್ಲ.

ಹುಡುಗ್ರ ಜಾಗ, ಮತ್ತ ಯಾವ ಗಿಡ ಬ್ಯಾಡ

ಬಾಡಗಿ ಮನ್ಯಾಗ ಇದ್ದಾಗಿನ ಮಾತು ಹೇಳ್ತೀನಿ. ಅಲ್ಲಿ ಕಂಪೌಂಡಿಗೆ ಹಳದಿ ಕಣಗಿಲ ಇತ್ತು, ದಿನಾ ದೇವ್ರಿಗೆ ಹೂವು ಹರೀತಿದ್ವಿ. ಮಗಳಿಗೆ ಆಗ ನಾಕು ವರ್ಷ. ಒಂದಿನ ಹೊರಗ ಬಂದು ನೋಡ್ತೀನಿ, ಅಡುಗಿ ಆಟ ಆಡಾಕ ಹತ್ಯಾಳ, ಸಣ್ಣ ಸ್ಟೀಲ್ ತಟ್ಟ್ಯಾಗ ಕಣಗಿಲದ ಹಸಿರು ಕಾಯಿ ಕಲ್ಲಿಲೇ ಜಜ್ಜಿ ಇಟ್ಟಾಳ, ಬೆರಳಿಗೆಲ್ಲಾ ಬಿಳಿ ಹಾಲು ಅಂಟೈತಿ. "ಅಮ್ಮಾ ಬದ್ನಿಕಾಯಿ ಪಲ್ಯ" ಅಂದ್ಳು. ಬಾಯಿ ತೆಗೆಸಿ ನೋಡಿದೆ, ಕೈ ಮಾರಿ ಸೋಪ್ ಹಚ್ಚಿ ತೊಳದೆ, ದವಾಖಾನಿಗೆ ಒಯ್ದು ತೋರ್ಸಿದ್ವಿ, ದೇವ್ರ ದಯಾ ಏನೂ ತಿಂದಿರಲಿಲ್ಲ. ಕಣಗಿಲ ಹಳದಿ ಇರಲಿ, ಕೆಂಪು ಬಿಳಿ ಇರಲಿ, ಎಲಿ, ಕಾಯಿ, ಬೀಜ ಎಲ್ಲಾ ವಿಷ, ಎದಿ ಬಡಿತಕ್ಕ ಹೊಡೀತೈತಿ.

ಸಣ್ಣ ಮಕ್ಕಳಿರೋ ಮನ್ಯಾಗ ಕಣಗಿಲ, ಉಮ್ಮತ್ತಿ, ಔಡಲ, ಗುಲಗಂಜಿ ಬಳ್ಳಿ ಬ್ಯಾಡ. ಎಕ್ಕಿ ಮತ್ತ ಕಳ್ಳಿ ಹಾಲು ಕಣ್ಣಿಗೆ ಬಿದ್ರ ಕಣ್ಣಿಗೆ ಅಪಾಯ, ಅವೂ ಬ್ಯಾಡ. ಪೂಜಾಕ್ಕ ಎಕ್ಕಿ ಬೇಕಂದ್ರ ಗುಡಿ ಹತ್ತಿರದ್ದು ತರ್ರಿ.

ಆಟದ ಜಾಗಕ್ಕ ಗರಸು ಹಾಕಿ ಗಟ್ಟಿ ಮಾಡಿ, ಒಂದು ಮೂಲ್ಯಾಗ 5 ಅಡಿ ಚೌಕದ ಮರಳಿನ ಗುಂಡಿ ಮಾಡ್ರಿ, ರಾತ್ರಿ ತಾಡಪಾಲ ಮುಚ್ಚದಿದ್ರ ಬೆಕ್ಕು ಹೊಲಸು ಮಾಡ್ತಾವು. ಲಿಂಬಿಗೆ ಮುಳ್ಳು, ಅದಕ್ಕ ಆಟದ ಜಾಗದಿಂದ ದೂರ ಇಟ್ಟೀವಿ. ನುಗ್ಗಿ ಟೊಂಗಿ ಬಾಳ ಹುರುಬು, ಗಾಳಿಗೆ ಲಟ್ ಅಂತ ಮುರೀತೈತಿ, ಮ್ಯಾಲೆ ಮಳಿಗಾಲದಾಗ ಕಂಬಳಿ ಹುಳ ಬೀಳ್ತಾವು, ಕೂಡೋ ಜಾಗದ ಮ್ಯಾಲೆ, ಅರಬಿ ಹಗ್ಗದ ಮ್ಯಾಲೆ ನುಗ್ಗಿ ಬ್ಯಾಡವೇ ಬ್ಯಾಡ. ಹುಡುಗ್ರು ಹತ್ತಾಕ ಪೇರಲ ಚಲೋ, ಟೊಂಗಿ ಗಟ್ಟಿ, ಗಿಡ ಎತ್ತರ ಅಲ್ಲ.

ಬೇವಿನ ಗಿಡ ಹಾಕ್ರಿ ಪಂಚಮಿ ಜೋಕಾಲಿಗೆ ಆಗ್ತೈತಿ ಅಂತ ಅತ್ತಿ ಬಾಳ ಹೇಳಿದ್ರು. ನನಗೂ ಆಸೆ ಇತ್ತು. ಆದ್ರ ಇಷ್ಟು ಜಾಗದಾಗ ಬೇವು ಹಾಕಿದ್ರ ಮುಂದ ಬೇರು ಕಂಪೌಂಡ್ ಎತ್ತತಾವು, ಎರಿ ನೆಲದಾಗ ಮೊದ್ಲ ಗೋಡಿ ಬಿರುಕು ಬಿಡೋದು ಜಾಸ್ತಿ. ಬೇವನ್ನ ರಸ್ತೆ ಕಡಿ ಹಾಕಿದ್ವಿ, ಹಿತ್ತಲದಾಗ ಕಬ್ಬಿಣದ ಪೈಪಿನ ಚೌಕಟ್ಟು ಎರಡು ಅಡಿ ಆಳ ಕಾಂಕ್ರೀಟ್ ಹಾಕಿ ನಿಲ್ಲಿಸಿ ಅದಕ್ಕ ಜೋಕಾಲಿ ಕಟ್ಟಿದ್ವಿ.

ಹಾವು ಚೇಳು ಬರದಂಗ ನೋಡ್ಕೊಳ್ರಿ. ಕಟ್ಟಿಗಿ ರಾಶಿ, ಉಳಿದ ಇಟ್ಟಂಗಿ, ಕಲ್ಲು ಕುಪ್ಪಿ ಹಿತ್ತಲದಾಗ ಇಡಬ್ಯಾಡ್ರಿ, ಚೇಳಿಗೆ ಅದ ಮನಿ. ದಾರಿ ಬದಿ ಹುಲ್ಲು ಕೊರೀರಿ, ಒಂದು ಲೈಟ್ ಹಾಕ್ರಿ. ಆದ್ರೂ ಕಡದ್ರ ಕೊಯ್ಯೋದು, ಬಿಗಿದು ಕಟ್ಟೋದು, ಬಾಯಿಲೇ ಎಳಿಯೋದು ಏನೂ ಮಾಡದ, ಕೈಕಾಲು ಅಲುಗಾಡದಂಗ ಇಟ್ಟು 108ಕ್ಕ ಫೋನ್ ಮಾಡಿ ಸೀದಾ ಸರ್ಕಾರಿ ಆಸ್ಪತ್ರಿಗೆ ಹೋಗ್ರಿ.

ಈಗ ಗಿಡ

ಏಪ್ರಿಲ್ ಮೇ ತಿಂಗಳಾಗ 2 ಅಡಿ ಉದ್ದ ಅಗಲ ಆಳದ ತಗ್ಗು ತೋಡಿ ಬಿಸಲಿಗೆ ಬಿಡ್ರಿ. ಕಾರ ಹುಣ್ಣಿವಿ ಆಸುಪಾಸು ಒಂದೆರಡು ಚಲೋ ಮಳಿ ಆಗಿ ನೆಲ ತಣ್ಣಗಾದ ಮ್ಯಾಲೆ ಹಚ್ರಿ, ಬ್ಯಾಸಿಗಿ ಬರೋದ್ರಾಗ ಬೇರು ಬಿಡಾಕ ಎಂಟು ತಿಂಗಳು ಸಿಗ್ತಾವು. ನಮ್ಮ 750 ಚದರಡಿಗೆ ಒಂದು ಲಿಂಬಿ, ಒಂದು ಪೇರಲ, ಒಂದು ನುಗ್ಗಿ, ಎರಡು ಕರಿಬೇವು, ಎರಡು ಪಪ್ಪಾಯಿ, ಒಂದು ಬಾಳಿ ಹಿಂಡು, ಇಷ್ಟಕ್ಕ ನಿಲ್ಲಿಸಿದ್ವಿ. ಮಾವು ಹಾಕ್ಲಿಲ್ಲ ಅಂತ ಬಂದೋರೆಲ್ಲಾ ಕೇಳ್ತಾರ, ಒಂದು ಮಾವು ದೊಡ್ಡದಾದ್ರ ನಾಕೂ ಮಡಿಗೆ ಬಿಸಲು ಹೋಗ್ತೈತಿ. ಪಪ್ಪಾಯಿ ಬುಡದಾಗ ನೀರು ನಿಂದ್ರಬಾರ್ದು, ಬುಡಕ್ಕ ಮಣ್ಣು ಏರ್ಸಿ ಹಚ್ರಿ, ಇಲ್ಲಂದ್ರ ಬುಡ ಕೊಳೀತೈತಿ. ಹೂವಿಗೆ ದುಂಡು ಮಲ್ಲಿಗಿ, ಕನಕಾಂಬರ, ದಾಸವಾಳ. ಹಡಗಲಿ ಮಲ್ಲಿಗಿ ಕಡ್ಡಿ ಸಿಕ್ರ ಬಿಡಬ್ಯಾಡ್ರಿ.

ಮಡಿಯಾಗ ಮಳಿಗಾಲಕ್ಕ ಬೆಂಡಿ, ಬದ್ನಿ, ಮೆಣಸಿನಕಾಯಿ. ಶೀಗಿ ಹುಣ್ಣಿವಿ ಮುಂದ ಮೆಂತ್ಯೆ, ಕೊತಂಬ್ರಿ, ಸಬ್ಬಸಗಿ, ಮೂಲಂಗಿ, ಟೊಮ್ಯಾಟೊ, ಹಕ್ಕರಕಿ. ರೊಟ್ಟಿ ಊಟಕ್ಕ ಕೂತು ಒಬ್ಬರು ಎದ್ದು ಹೋಗಿ ಹಕ್ಕರಕಿ ಹರ್ಕೊಂಡು ತೊಳ್ಕೊಂಡು ಬರೋದು ನಮ್ಮನ್ಯಾಗ ಈಗ ರೂಢಿ ಆಗೈತಿ. ಬ್ಯಾಸಿಗಿಗೆ ಪುಂಡಿ, ರಾಜಗಿರಿ, ಚವಳಿ ಮಾತ್ರ, ಉಳಿದ ಎರಡು ಮಡಿ ಖಾಲಿ ಬಿಡ್ತೀವಿ, ಮ್ಯಾಲೆ ನಾಕಿಂಚು ಭತ್ತದ ಹುಲ್ಲು ಇಲ್ಲಾ ಶೇಂಗಾ ಹೊಟ್ಟು ಹಾಸಿ. ಬೆಳಿ ಇರೋ ಮಡಿಗೂ ಹಂಗ ಹಾಸ್ರಿ, ನೀರು ಎಷ್ಟು ಉಳೀತೈತಿ ನೀವ ನೋಡ್ರಿ. ಮಾರ್ಚ್ ಕೊನೀಗೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ ಮೃಗಶಿರಾ ಮಳಿಗೆ ಬಿಚ್ಚೋದು.

ಹುಳಕ್ಕ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣಿ, ಎರಡು ಹನಿ ಸೋಪು, ಸಂಜಿ ಮುಂದ ಹೊಡೀರಿ. ಅಂಗಡ್ಯಾಗಿನ ಘಾಟು ಔಷಧ ಮಕ್ಕಳು ಕೈ ಹಚ್ಚೋ ಹಿತ್ತಲಕ್ಕ ತರಬ್ಯಾಡ್ರಿ.

ಹುಡುಗ್ರಿಗೆ ಅಂತ ಬಿಟ್ಟ 2 ಅಡಿ ಅಗಲದ ಮಡಿಗೆ ಏನ್ ಹಾಕಬೇಕು ಅಂತ ಅವ್ರನ್ನ ಕೇಳ್ರಿ. ಬೇಗ ಹುಟ್ಟೋ ದೊಡ್ಡ ಬೀಜ ಕೊಡ್ರಿ, ಚವಳಿ, ಬೆಂಡಿ, ಗೋವಿನಜೋಳ, ನಾಕೈದು ದಿನಕ್ಕ ಮೊಳಕಿ ಕಾಣ್ತೈತಿ. ನಮ್ಮ ಮಗ ಮೊದಲ್ನೇ ಸಲ ಬೀಜ ಹುಟ್ಯಾವೋ ಇಲ್ಲೋ ಅಂತ ದಿನಾ ಕೆದರಿ ನೋಡಿ ಅರ್ಧಾ ಕೆಡಿಸಿದ, ಎರಡ್ನೇ ಸಲ ಅವರಜ್ಜಿ ಒಂದು ಗಾಜಿನ ಗ್ಲಾಸಿನ ಒಳಗ ಒದ್ದಿ ಹತ್ತಿ ಅರಳಿ ಇಟ್ಟು, ಗಾಜಿಗೆ ತಾಗಿಸಿ ನಾಕು ಚವಳಿ ಬೀಜ ಇಟ್ಟು ಕಿಟಕ್ಯಾಗ ಇಟ್ಟು ಕೊಟ್ರು, ಮಣ್ಣಾಗ ಏನ್ ನಡದೈತಿ ಅಂತ ಅದರಾಗ ನೋಡ್ತಾನ, ಮಡಿಗೆ ಕೈ ಹಾಕಂಗಿಲ್ಲ.